ಇಪ್ಪತ್ತೆರಡು ಕಾಲುಗಳ ಪಾಠ

ಟೇಪಣ್ಣ ಪ್ಯಾಂಟು ಮಾತ್ರ ಹೊಲಿಯುತ್ತಿದ್ದ. ಶರ್ಟು ಹೊಲಿಯಲು ಬಾರದೆಂದಲ್ಲ, ಹೊಲಿಯುತ್ತಿರಲಿಲ್ಲ. ಸೊಂಟದಿಂದ ಮೇಲೆ ಮನುಷ್ಯ ಹೇಗಾದರೂ ಇರಲಿ, ಸೊಂಟದಿಂದ ಕೆಳಗೆ ಅವನು ತನ್ನ ಜವಾಬ್ದಾರಿ ಎಂಬುದು ಮೂವತ್ತು ವರ್ಷಗಳಿಂದ ಅವನು ಪಾಲಿಸಿಕೊಂಡು ಬಂದ ನಿಯಮ. ಕೊರಳಲ್ಲಿ ಸದಾ ಅಳತೆಯ ಟೇಪು ನೇತಾಡುತ್ತಿದ್ದುದರಿಂದ ಬೀದಿಯವರು ಆ ಹೆಸರಿಟ್ಟಿದ್ದರು. ಊಟಕ್ಕೆ ಕೂತಾಗಲೂ ಅದನ್ನು ತೆಗೆಯುವುದಿಲ್ಲವೆಂದು ಹೆಂಡತಿ ಆಗಾಗ ದೂರುತ್ತಿದ್ದಳು. ಹೀಗಿರುವಾಗ ಅವನ ಒಬ್ಬಳೇ ಮಗಳು ಫಿಸಿಯೊಥೆರಪಿ ಕಾಲೇಜಿನಲ್ಲಿ ಕೈ, ಬೆನ್ನು, ಕುತ್ತಿಗೆ ಎಲ್ಲದರಲ್ಲೂ ಪಾಸಾಗಿ, ಸೊಂಟದಿಂದ ಕೆಳಗೆ ಫೇಲಾಗಿ ಬಂದದ್ದು ಅವನಿಗೆ ಅಂಗಡಿಯ ಬೋರ್ಡಿಗೇ ಯಾರೋ ಮಸಿ ಬಳಿದಂತಾಯಿತು.

ಮರುಪರೀಕ್ಷೆಗೆ ಒಂದು ತಿಂಗಳಿತ್ತು. ಅದೂ ಕೈತಪ್ಪಿದರೆ ಹುಡುಗಿಯ ಇಡೀ ವರ್ಷ ಹೋದಂತೆ. ಜೊತೆಯವರೆಲ್ಲ ಆಸ್ಪತ್ರೆಯ ತರಬೇತಿಗೆ ಹೋಗುವಾಗ ಇವಳು ಹಳೆಯ ಬೆಂಚಿನ ಮೇಲೆ ಹೊಸಬರ ಜೊತೆ ಕೂರಬೇಕು. ಅವಳು ಓದದೆ ಇರುವವಳಲ್ಲ. ಆದರೆ ತೊಡೆಯ ಹತ್ತಿರ ಬರುತ್ತಿದ್ದಂತೆ ಯಾವ ಸ್ನಾಯು ಯಾವ ಮೂಳೆಯಿಂದ ಹೊರಟಿತು, ಎಲ್ಲಿ ಹೋಗಿ ಅಂಟಿತು ಎಂಬುದೆಲ್ಲ ಸಿಕ್ಕುಬಿದ್ದ ದಾರದುಂಡೆಯಂತಾಗುತ್ತಿತ್ತು. ಹಾಗಾಗಿ ದಿನಾ ಬೆಳಿಗ್ಗೆ ಅಂಗಡಿಯಲ್ಲಿ ಕೂತು ಅಪ್ಪನಿಗೆ ಪಾಠ ಒಪ್ಪಿಸುವುದೆಂದು ತೀರ್ಮಾನವಾಯಿತು. ಟೇಪಣ್ಣ ಪುಸ್ತಕ ಹಿಡಿದುಕೊಂಡು ಗಂಭೀರವಾಗಿ ತಲೆಯಾಡಿಸುತ್ತಿದ್ದ. ಪುಸ್ತಕ ಕೆಲವು ಸಲ ತಲೆಕೆಳಗಾಗಿರುತ್ತಿತ್ತು, ಅದರಿಂದ ತಲೆಯಾಡಿಸುವುದಕ್ಕೇನೂ ತೊಂದರೆಯಾಗಲಿಲ್ಲ.

ಮೂರನೆಯ ದಿನ ಸಾರ್ಟೋರಿಯಸ್ ಎಂಬ ಸ್ನಾಯು ಬಂತು. ಸೊಂಟದ ಹೊರಮೂಲೆಯಿಂದ ಹೊರಟು ತೊಡೆಯ ಮೇಲೆ ಓರೆಯಾಗಿ ಹಾದು ಒಳಮಗ್ಗುಲಿಗೆ ಇಳಿಯುವ ಉದ್ದನೆಯ ಪಟ್ಟಿ.

"ಇದು ದರ್ಜಿ ಸ್ನಾಯು ಅಪ್ಪಾ," ಎಂದಳು ಮಗಳು. "ಹಳೇ ಕಾಲದ ದರ್ಜಿಗಳು ಚಕ್ಕಳಮಕ್ಕಳ ಹಾಕ್ಕೊಂಡು ಕೂತು ಹೊಲೀತಿದ್ರಲ್ಲ, ಹಾಗೆ ಕೂರೋಕೆ ಇದು ಬೇಕು. ಅದಕ್ಕೇ ಆ ಹೆಸರು. ಇಡೀ ಮೈಯಲ್ಲಿ ಇದಕ್ಕಿಂತ ಉದ್ದದ್ದು ಇನ್ನೊಂದಿಲ್ಲ."

ಟೇಪಣ್ಣ ಕತ್ತರಿ ಕೆಳಗಿಟ್ಟ. ಬಡಗಿಯ ಹೆಸರಿನಲ್ಲಿ ಏನಾದರೂ ಇದೆಯೇ ಎಂದು ವಿಚಾರಿಸಿದ. ತನಗೆ ಗೊತ್ತಿದ್ದಂತೆ ಇಲ್ಲ ಎಂದಳು. ಗಡಿಯಾರ ರಿಪೇರಿಯವರ ಹೆಸರಿನಲ್ಲಿ? ಅದೂ ಇಲ್ಲ. ಅಂದಿನಿಂದ ಅವನ ನಡಿಗೆಯೇ ಬದಲಾಯಿತು. ಅಳತೆ ಕೊಡಲು ಬಂದವರಿಗೆಲ್ಲ, ನಿಮ್ಮ ತೊಡೆಯಲ್ಲಿ ನಮ್ಮದೊಂದು ಇದೆ ನೋಡಿ, ಎಂದು ತಿಳಿಸತೊಡಗಿದ. ಅವನು ಹದಿನೆಂಟನೇ ವಯಸ್ಸಿನಿಂದ ಸ್ಟೂಲಿನ ಮೇಲೆ ಕೂತೇ ಮೆಷಿನ್ ತುಳಿದವನು, ಚಕ್ಕಳಮಕ್ಕಳ ಹಾಕಿ ಕೂತರೆ ಏಳಿಸಲು ಇಬ್ಬರು ಬೇಕು ಎಂಬ ವಿಚಾರವನ್ನು ಯಾರೂ ಎತ್ತಲಿಲ್ಲ. ಹೆಂಡತಿ ಎತ್ತಿದಳು, ಅವನು ಕೇಳಿಸಿಕೊಳ್ಳಲಿಲ್ಲ.

ಇಷ್ಟು ದೊಡ್ಡ ಸಂಬಂಧ ಇಟ್ಟುಕೊಂಡು ಬರೀ ತಲೆಯಾಡಿಸುವುದು ಸರಿಯಲ್ಲವೆಂದು ಟೇಪಣ್ಣ ತಾನೇ ಪಾಠ ಕಲಿಯಲು ಹೊರಟ. ಪುಸ್ತಕದಿಂದ ಕಲಿಯುವುದು ಅವನ ಜಾಯಮಾನವಲ್ಲ, ಕೈಯಿಂದ ಕಲಿಯಬೇಕು. ಕತ್ತರಿಸಿದ ಪ್ಯಾಂಟಿನ ತುಂಡು ಮೇಜಿನ ಮೇಲೆ ಬೋರಲಾಗಿ ಹರಡಿರುತ್ತಿತ್ತು: ಇಲ್ಲಿ ಸೀಟು, ಇಲ್ಲಿ ತೊಡೆ, ಇಲ್ಲಿ ಮಂಡಿ, ಇಲ್ಲಿ ಮೀನಖಂಡ. ಇದಕ್ಕಿಂತ ಒಳ್ಳೆಯ ಹಲಗೆ ಯಾವ ಶಾಲೆಯಲ್ಲಿದೆ? ಪ್ಯಾಂಟಿನ ಹೊರಮೈ ಗಿರಾಕಿಯದು, ಒಳಮೈ ದರ್ಜಿಯದು. ಅಲ್ಲಿ ಅವನು ಮೂವತ್ತು ವರ್ಷಗಳಿಂದ ಗುರುತು ಹಾಕಿದ್ದಾನೆ, ಒಬ್ಬರೂ ಬಗ್ಗಿ ನೋಡಿಲ್ಲ. ಬಳಪದ ಗೆರೆ ಹುಡಿಯಾಗಿ ಉದುರುತ್ತಿತ್ತು. ಮಗಳ ಡಬ್ಬಿಯಲ್ಲಿ ಒಂದು ದಪ್ಪ ನೀಲಿ ಪೆನ್ಸಿಲ್ ಕಂಡಿತು, ಬಟ್ಟೆಯ ಮೇಲೆ ಬೆಣ್ಣೆಯ ಹಾಗೆ ಜಾರಿತು. ದಿನಕ್ಕೊಂದು ಪ್ಯಾಂಟು, ಪ್ಯಾಂಟಿಗೊಂದು ಪಾಠ, ಎರಡು ಕಾಲಿಗೂ. ಮಗಳು ಎರಡು ದಿನ ಪೆನ್ಸಿಲಿಗಾಗಿ ಮನೆಯೆಲ್ಲ ಹುಡುಕಿ, ಅದು ಅಪ್ಪನ ಕಿವಿಯ ಮೇಲಿದ್ದುದನ್ನು ಗಮನಿಸದೆ, ಬೇರೆಯದು ಕೊಂಡುಕೊಂಡಳು.

ಪಾದದ ವಿಷಯಕ್ಕೆ ಮಾತ್ರ ಅವನು ಕೈ ಹಾಕಲಿಲ್ಲ. ಪ್ಯಾಂಟು ಮುಗಿದಲ್ಲಿಗೆ ತನ್ನ ಸರಹದ್ದು ಮುಗಿಯಿತು, ಮುಂದಿನದನ್ನು ಚಪ್ಪಲಿ ಅಂಗಡಿಯವರು ನೋಡಿಕೊಳ್ಳಲಿ ಎಂದ. ಆದರೂ ಅಂಗಾಲಿನಲ್ಲಿ ಸ್ನಾಯುಗಳು ನಾಲ್ಕು ಪದರಗಳಲ್ಲಿವೆ, ಯಾವುದರ ಮೇಲೆ ಯಾವುದು ಎಂಬುದೇ ನಿಲ್ಲುತ್ತಿಲ್ಲ ಎಂದು ಮಗಳು ಕಣ್ಣೀರಿಟ್ಟಾಗ, ಪ್ಯಾಂಟಿನ ಅಂಚನ್ನು ನಾಲ್ಕು ಮಡಿಕೆ ಮಡಚಿ, ಒಂದೊಂದು ಮಡಿಕೆಗೆ ಒಂದೊಂದು ಬಣ್ಣದ ದಾರ ಹಾಕಿ ಅವಳ ಕೈಗೆ ಕೊಟ್ಟ. ಅವಳು ಅದನ್ನು ಬಿಚ್ಚುತ್ತ ಮಡಚುತ್ತ ಕೂತಳು. ಸಂಜೆಯ ಹೊತ್ತಿಗೆ ಪದರಗಳು ಬಾಯಿಗೆ ಬಂದಿದ್ದವು.

ಇಲ್ಲಿ ಒಂದು ಸಂಗತಿಯನ್ನು ಓದುಗರಿಗೆ ಮೊದಲೇ ತಿಳಿಸಿಬಿಡುವುದು ನ್ಯಾಯ. ಟೇಪಣ್ಣನಿಗೆ ಅದು ತಿಳಿಯುವುದಕ್ಕೆ ಇನ್ನೂ ಹದಿನೈದು ದಿನಗಳಿವೆ. ಆ ಪೆನ್ಸಿಲ್ ಕಾಲೇಜಿನಲ್ಲಿ ಮನುಷ್ಯರ ಚರ್ಮದ ಮೇಲೆ ಗುರುತು ಹಾಕಿ ಅಭ್ಯಾಸ ಮಾಡಲೆಂದು ಕೊಟ್ಟದ್ದು. ಬಟ್ಟೆಯ ಮೇಲೆ ಅದು ಬಾಡಿಗೆಗಿದ್ದಂತೆ ಇರುತ್ತದೆ. ಬೆಚ್ಚಗಿನ ಚರ್ಮ ಸಿಕ್ಕಿದರೆ ಅಲ್ಲಿಗೇ ವಾಸ್ತವ್ಯ ಬದಲಿಸುತ್ತದೆ. ಸೋಪು ನೀರಿಗೆ ಜಗ್ಗುವುದಿಲ್ಲ.

ಮೊದಲು ಬಂದವರು ಎದುರುಮನೆಯ ನಿವೃತ್ತ ಮೇಷ್ಟ್ರು. ಹೊಸ ಬೂದು ಬಣ್ಣದ ಪ್ಯಾಂಟು ಹಾಕಿಕೊಂಡು ಬಂದು, ಅಂಗಡಿಯಲ್ಲಿ ಬೇರೆ ಯಾರೂ ಇಲ್ಲವೆಂದು ಖಚಿತಪಡಿಸಿಕೊಂಡು, ಬಾಗಿಲನ್ನು ಅರ್ಧ ಮುಂದೆ ಮಾಡಿದರು. ಪ್ಯಾಂಟಿನ ತಕರಾರೇನೋ ಎಂದು ಟೇಪಣ್ಣ ಟೇಪಿಗೆ ಕೈ ಹಾಕಿದ. ತಕರಾರು ಪ್ಯಾಂಟಿನದಲ್ಲ, ಕಾಲಿನದು. ಕಾಲಿನ ವಿಷಯ ಟೇಪಣ್ಣನಿಗೆ ಚೆನ್ನಾಗಿ ಗೊತ್ತಂತೆ ಎಂದು ಕೇಳಿ ಬಂದಿದ್ದರು. ಮೂರು ದಿನದಿಂದ ಮೀನಖಂಡದ ಮೇಲೆ ನೀಲಿ ಗೆರೆಗಳು ಕಾಣಿಸಿಕೊಂಡಿವೆ, ಎಷ್ಟು ಉಜ್ಜಿದರೂ ಹೋಗುವುದಿಲ್ಲ ಎಂದು ಪಿಸುದನಿಯಲ್ಲಿ ಹೇಳಿ, ಪ್ಯಾಂಟು ಮೇಲೆತ್ತಲು ಬಗ್ಗಿದರು.

ಟೇಪಣ್ಣ ಕೈ ಅಡ್ಡ ಹಿಡಿದ. ನೋಡಿ ಹೇಳುವುದು ಯಾರಿಗಾದರೂ ಬರುತ್ತದೆ, ನೋಡದೆ ಹೇಳುವುದೇ ವಿದ್ಯೆ ಎಂದು ಅವನಿಗೆ ಆ ಕ್ಷಣದಲ್ಲಿ ಹೊಳೆಯಿತು.

"ತೋರಿಸ್ಬೇಡಿ ಮೇಷ್ಟ್ರೇ, ಬಾಯಲ್ಲಿ ಹೇಳಿ ಸಾಕು. ಮಂಡಿ ಹಿಂದುಗಡೆ ಎರಡು ಕಡೆಯಿಂದ ಎರಡು ಗೆರೆ ಹೊರಟು, ದಪ್ಪಗೆ ಉಬ್ಬಿ, ಕೆಳಗೆ ಹಿಮ್ಮಡಿ ಹತ್ರ ಒಂದಾಗುತ್ತಾ?"

ಮೇಷ್ಟ್ರು ಕುರ್ಚಿ ಹಿಡಿದುಕೊಂಡರು. ಅಕ್ಷರಶಃ ಹಾಗೆಯೇ ಇತ್ತು. ಮೂವತ್ತೈದು ವರ್ಷ ಮಕ್ಕಳಿಗೆ ಪಾಠ ಹೇಳಿದ ಆ ಮನುಷ್ಯ, ಪ್ಯಾಂಟಿನೊಳಗಿದ್ದ ತಮ್ಮ ಕಾಲನ್ನು ಪುಸ್ತಕದಂತೆ ಓದಿದವನನ್ನು ಮೊದಲ ಸಲ ನೋಡುತ್ತಿದ್ದರು. ಟೇಪಣ್ಣ ಅದಕ್ಕೆ ಗ್ಯಾಸ್ಟ್ರೊಕ್ನೀಮಿಯಸ್ ಎನ್ನುತ್ತಾರೆಂದೂ, ಅದು ದಣಿದು ಮೇಲೆದ್ದಿದೆಯೆಂದೂ, ಕಾಲು ಕೊಂಚ ಎತ್ತರದಲ್ಲಿಟ್ಟು ಮಲಗಬೇಕೆಂದೂ ವಿಧಿಸಿದ. ಆ ಹೆಸರನ್ನು ಅವನು ಎರಡೇ ಪ್ರಯತ್ನದಲ್ಲಿ ಉಚ್ಚರಿಸಿದ್ದು ಮೇಷ್ಟ್ರ ನಂಬಿಕೆಯನ್ನು ಇನ್ನಷ್ಟು ಗಟ್ಟಿ ಮಾಡಿತು.

ಮರುದಿನ ಗಡಿಯಾರ ರಿಪೇರಿಯವನು ಬಂದ. ಅವನ ಗೆರೆ ಸೊಂಟದ ಮೂಲೆಯಿಂದ ಓರೆಯಾಗಿ ಮಂಡಿಯ ಒಳಗಡೆಗೆ. ಅವನು ಬಾಯಿ ಬಿಡುವ ಮೊದಲೇ ಟೇಪಣ್ಣ ದಾರಿಯನ್ನೆಲ್ಲ ಬೆರಳಲ್ಲಿ ಗಾಳಿಯಲ್ಲಿ ಬರೆದು ತೋರಿಸಿದ. ಇದು ನಮ್ಮ ಪೈಕಿಯದು, ಗಾಬರಿಯಾಗಬೇಡ ಎಂದೂ ಸೇರಿಸಿದ. ಆಮೇಲೆ ತರಕಾರಿಯವನು, ಅಂಚೆಯವನು, ಬಸ್ ಕಂಡಕ್ಟರ್. ಒಬ್ಬೊಬ್ಬರದು ಒಂದೊಂದು ಸ್ನಾಯು, ಒಂದೂ ಪುಸ್ತಕ ಬಿಟ್ಟು ಆಚೀಚೆ ಹೋಗಿರಲಿಲ್ಲ. ಪುಸ್ತಕದಲ್ಲಿ ಹೇಳಿದಂತೆಯೇ ಜನಕ್ಕೆ ಕಾಯಿಲೆ ಬರುತ್ತಿರುವುದನ್ನು ಕಂಡು ಟೇಪಣ್ಣನಿಗೆ ವಿದ್ಯೆಯ ಮೇಲೆ ಅಪಾರ ಗೌರವ ಹುಟ್ಟಿತು.

ಅವನ ಭಾವಮೈದುನ ಮೂಲೆಯ ಔಷಧಿ ಅಂಗಡಿಯಲ್ಲಿ ಕೆಲಸಕ್ಕಿದ್ದ. ಪ್ರಪಂಚದಲ್ಲಿ ನಡೆಯುವುದೆಲ್ಲ ತನಗೆ ಮೊದಲು ಗೊತ್ತಾಗಬೇಕು, ಗೊತ್ತಾಗದಿದ್ದರೆ ಅದು ನಡೆದೇ ಇಲ್ಲ ಎಂಬ ಸ್ವಭಾವ. ತನ್ನ ತೊಡೆಯ ಹಿಂಭಾಗದಲ್ಲೇ ಮೂರು ಗೆರೆ ಕಂಡಾಗ ಅವನು ಅದಕ್ಕೆ ನೀಲಿಗೆರೆ ಬೇನೆ ಎಂದು ನಾಮಕರಣ ಮಾಡಿದ. ಎರಡು ವಾರದಲ್ಲಿ ಒಂದೇ ಬೀದಿಯಲ್ಲಿ ಹನ್ನೊಂದು ಜನ, ಎಲ್ಲರೂ ಗಂಡಸರು. ಇದು ಅಂಟುವ ಕಾಯಿಲೆಯಲ್ಲದೆ ಮತ್ತೇನು? ಪರೀಕ್ಷೆ ಮುಗಿಯುವ ತನಕ ಹುಡುಗಿಯ ಕಿವಿಗೆ ಹಾಕಬೇಡಿ, ಮನಸ್ಸು ಕದಡುತ್ತದೆ ಎಂದು ಎಲ್ಲರಿಂದ ಮಾತು ತೆಗೆದುಕೊಂಡ. ಆಮೇಲೆ ಆರೋಗ್ಯ ಇಲಾಖೆಗೆ ನಾಲ್ಕು ಪುಟದ ಅರ್ಜಿ ಬರೆದು ಹಾಕಿದ.

ಇಲಾಖೆಯವರು ಸಾಮಾನ್ಯವಾಗಿ ಬರುವುದಿಲ್ಲ. ಈ ಸಲ ಬಂದರು, ಅದೂ ಪರೀಕ್ಷೆಯ ದಿನವೇ. ಬೆಳಿಗ್ಗೆ ಎಂಟಕ್ಕೆ ಮಗಳು ಚೀಲ ಹೆಗಲಿಗೇರಿಸಿಕೊಂಡು, ಹಾಲ್ ಟಿಕೆಟ್ ಎರಡು ಸಲ ನೋಡಿಕೊಂಡು ಹೊರಗೆ ಕಾಲಿಟ್ಟರೆ, ಬೀದಿಯ ಎರಡೂ ತುದಿಗೆ ಹಗ್ಗ ಕಟ್ಟಿತ್ತು. ಟೇಪಣ್ಣನ ಅಂಗಡಿಯ ಮುಂದೆ ಹನ್ನೊಂದು ಜನ ಗಂಡಸರು ಚಡ್ಡಿಯಲ್ಲಿ ಸಾಲಾಗಿ ನಿಂತಿದ್ದರು. ಮೇಷ್ಟ್ರು ಮೇಲೆ ಕೋಟು ಹಾಕಿಕೊಂಡಿದ್ದರು, ಕೆಳಗೆ ಚಡ್ಡಿ. ಆರೋಗ್ಯ ಇನ್‌ಸ್ಪೆಕ್ಟರ್ ಸ್ಟೂಲಿನ ಮೇಲೆ ಕೂತು ಮೂರು ಪ್ರತಿಗಳಲ್ಲಿ ಏನೋ ತುಂಬಿಸುತ್ತಿದ್ದರು.

ಇನ್‌ಸ್ಪೆಕ್ಟರರು ಬುದ್ಧಿವಂತರು. ಒಬ್ಬೊಬ್ಬರನ್ನೂ ವಿಚಾರಿಸಿ, ಹನ್ನೊಂದು ಜನರೂ ಈ ತಿಂಗಳು ಹೋಗಿದ್ದ ಜಾಗ ಒಂದೇ ಎಂದು ಕಂಡುಹಿಡಿದಿದ್ದರು: ಟೇಪಣ್ಣನ ಅಂಗಡಿ. ಟೇಪಣ್ಣನ ಕಾಲು ನೋಡಿದರೆ ಒಂದು ಗೆರೆಯೂ ಇಲ್ಲ. ಅವನು ತನಗೆಂದು ಪ್ಯಾಂಟು ಹೊಲಿದುಕೊಂಡು ಆರು ವರ್ಷವಾಗಿತ್ತು ಎಂಬುದು ಅವರಿಗೆ ಗೊತ್ತಿರಲಿಲ್ಲ. ಹರಡುವವನಿಗೆ ತಗಲುವುದಿಲ್ಲ, ಶಾಸ್ತ್ರ ಹಾಗೆಯೇ ಹೇಳುತ್ತದೆ ಎಂದು ಅವರು ಬರೆದುಕೊಂಡರು. ಮೇಲಿನಿಂದ ವೈದ್ಯರ ತಂಡ ಮಧ್ಯಾಹ್ನದ ಮೇಲೆ ಬರುತ್ತದೆ, ಅಲ್ಲಿಯವರೆಗೆ ಈ ಮನೆಯವರು ಯಾರೂ ಹಗ್ಗ ದಾಟುವಂತಿಲ್ಲ.

"ಸಾರ್, ನನಗೆ ಹತ್ತು ಗಂಟೆಗೆ ಪರೀಕ್ಷೆ," ಎಂದಳು ಮಗಳು. "ಒಂಬತ್ತಕ್ಕೆ ಬಸ್ಸು. ಇದು ತಪ್ಪಿದ್ರೆ ವರ್ಷ ಹೋಗುತ್ತೆ."

ಇನ್‌ಸ್ಪೆಕ್ಟರರು ತಲೆ ಎತ್ತಲಿಲ್ಲ. ಕಾಯಿಲೆಗೆ ಅದೆಲ್ಲ ಅರ್ಥವಾಗುವುದಿಲ್ಲಮ್ಮ ಎಂದು ಮರುಕದಿಂದಲೇ ಹೇಳಿ ಎರಡನೇ ಪ್ರತಿಗೆ ಹೋದರು.

ಮಗಳ ಮುಖ ನೋಡಲಾರದೆ ಟೇಪಣ್ಣ ಕಣ್ಣು ಕೆಳಗೆ ಮಾಡಿದ. ಕೆಳಗೆ ಕಾಲುಗಳಿದ್ದವು. ಇಷ್ಟು ದಿನ ಬಾಯಿಮಾತಿನಲ್ಲೇ ಚಿಕಿತ್ಸೆ ನಡೆಸಿದ ಅವನು ತನ್ನ ರೋಗಿಗಳ ಕಾಲನ್ನು ಕಣ್ಣಾರೆ ನೋಡಿದ್ದು ಅದೇ ಮೊದಲು. ಗಡಿಯಾರದವನ ತೊಡೆಯ ಮೇಲಿನ ಗೆರೆ ಮಂಡಿಯ ಹತ್ತಿರ ಬಂದು ನಿಂತಿತ್ತು, ನಿಂತಲ್ಲಿ ಎರಡು ಪುಟ್ಟ ಅಡ್ಡಗೀಟು. ಮೇಷ್ಟ್ರ ಮೀನಖಂಡದ ಗೆರೆಯ ತುದಿಯಲ್ಲೂ ಎರಡು ಅಡ್ಡಗೀಟು. ಅಂಚೆಯವನದೂ ಹಾಗೆಯೇ. ಹೊಲಿಗೆ ಇಲ್ಲಿಗೆ ನಿಲ್ಲಿಸು ಎಂದು ಟೇಪಣ್ಣ ಮೂವತ್ತು ವರ್ಷಗಳಿಂದ ಬಟ್ಟೆಯ ಮೇಲೆ ಹಾಕುತ್ತ ಬಂದ ಗುರುತು ಅದು. ಲೋಕದ ಯಾವ ಕಾಯಿಲೆಯೂ ಹೊಲಿಗೆ ಎಲ್ಲಿ ನಿಲ್ಲಬೇಕೆಂದು ಸೂಚಿಸುವುದಿಲ್ಲ.

ಅವನ ಕೈ ತಾನಾಗಿ ಕಿವಿಯ ಮೇಲಿನ ಪೆನ್ಸಿಲಿಗೆ ಹೋಯಿತು.

ಎರಡು ವಾರದ ಪ್ರತಿಷ್ಠೆ ಸಣ್ಣದಲ್ಲ. ಈ ಹನ್ನೊಂದು ಜನ ಅವನನ್ನು ಡಾಕ್ಟರ್ ಎಂದು ಕರೆಯುವುದಕ್ಕೆ ಇನ್ನೊಂದೇ ಮೆಟ್ಟಿಲು ಬಾಕಿಯಿತ್ತು. ಬಾಯಿ ಮುಚ್ಚಿಕೊಂಡಿದ್ದರೆ ಒಂದಲ್ಲ ಒಂದು ದಿನ ಗೆರೆ ತಾನೇ ಮಾಸುತ್ತದೆ, ತಾನೇ ವಾಸಿ ಮಾಡಿದೆನೆಂದು ಹೇಳಿಕೊಳ್ಳಬಹುದು. ಮಗಳು ಹಗ್ಗದ ಹತ್ತಿರ ಹೋಗಿ, ಅದನ್ನು ಮುಟ್ಟದೆ, ಬಸ್ಸು ಬರುವ ದಿಕ್ಕಿಗೆ ನೋಡುತ್ತ ನಿಂತಿದ್ದಳು.

ಟೇಪಣ್ಣ ಸ್ಟೂಲಿನ ಮುಂದೆ ಹೋಗಿ ಕೈಕಟ್ಟಿ ನಿಂತ.

"ಸಾರ್, ಇದು ಕಾಯಿಲೆ ಅಲ್ಲ. ನನ್ನ ಕೈಬರಹ."

ಪೆನ್ಸಿಲ್ ಮುಂದಿಟ್ಟು ಇದ್ದದ್ದನ್ನು ಇದ್ದ ಹಾಗೆ ಹೇಳಿದ. ಹೇಳಿ ಮುಗಿಸಿ, ಎಲ್ಲರೂ ನಕ್ಕು ಮನೆಗೆ ಹೋಗುತ್ತಾರೆಂದುಕೊಂಡ. ಒಬ್ಬರೂ ನಂಬಲಿಲ್ಲ. ಮೇಷ್ಟ್ರಿಗೆ ಸಿಟ್ಟೇ ಬಂತು. ಹದಿನೈದು ದಿನದಿಂದ ಕಾಲಡಿ ಮೂರು ದಿಂಬಿಟ್ಟುಕೊಂಡು ಮಲಗಿದವರಿಗೆ, ಊರೂರಿನ ಬಂಧುಗಳಿಗೆಲ್ಲ ಕಾಗದ ಬರೆದವರಿಗೆ, ನಿಮಗೆ ಏನೂ ಆಗಿಲ್ಲ ಎಂದರೆ ಹೇಗಾಗಬೇಡ? ಗಡಿಯಾರದವನು ನನಗೆ ನೋವೂ ಇತ್ತು ಎಂದು ವಾದಿಸಿದ. ಭಾವಮೈದುನ ಮಾತ್ರ ಇನ್‌ಸ್ಪೆಕ್ಟರರ ಕಿವಿಯ ಹತ್ತಿರ ಬಗ್ಗಿ, ಎಲ್ಲರಿಗೂ ಕೇಳುವಷ್ಟು ಮೆಲ್ಲಗೆ ಹೇಳಿದ:

"ಭಾವ ಒಳ್ಳೇವ್ರು ಸಾರ್. ಮಗಳನ್ನ ಪರೀಕ್ಷೆಗೆ ಕಳಿಸ್ಬೇಕು ಅಂತ ಕಾಯಿಲೇನ ತಮ್ಮ ಮೇಲೆ ಹಾಕ್ಕೋತಿದ್ದಾರೆ. ಹೆತ್ತ ಕರುಳು."

ಇನ್‌ಸ್ಪೆಕ್ಟರರು ಸಾಕ್ಷ್ಯ ಬೇಕೆಂದರು. ನೀರು ತಂದರು, ಸೋಪು ತಂದರು, ಮೇಷ್ಟ್ರ ಮೀನಖಂಡವನ್ನು ಪಾತ್ರೆಯಂತೆ ಉಜ್ಜಿದರು. ಕಾಲು ಕೆಂಪಾಯಿತು, ಗೆರೆ ಇನ್ನೂ ಸ್ಪಷ್ಟವಾಯಿತು. ಸಾಲಿನಲ್ಲಿ ಒಂದು ತೃಪ್ತಿಯ ಗೊಣಗಾಟ ಹಾದುಹೋಯಿತು. ಗಂಟೆ ಎಂಟೂ ಇಪ್ಪತ್ತು.

ಆಗ ಒಳಗಿನಿಂದ ಅವನ ಹೆಂಡತಿ ಹೊಲಿಗೆ ಮೆಷಿನ್ನಿನ ಎಣ್ಣೆಡಬ್ಬಿ ಮತ್ತು ಒಂದು ಹಿಡಿ ಚಿಂದಿ ಬಟ್ಟೆ ಹಿಡಿದುಕೊಂಡು ಬಂದಳು. ಯಾರನ್ನೂ ಏನೂ ಕೇಳಲಿಲ್ಲ. ಮೇಷ್ಟ್ರ ಎಡಗಾಲಿಗೆ ಎರಡು ಹನಿ ಬಿಟ್ಟು ಒಂದು ಸಲ ಎಳೆದಳು. ಗೆರೆ ಚಿಂದಿಗೆ ಬಂತು, ಕಾಲು ಮೇಷ್ಟ್ರದಾಗಿ ಉಳಿಯಿತು.

ಇದು ನಿನಗೆ ಮೊದಲೇ ಗೊತ್ತಿತ್ತೇ ಎಂದು ಟೇಪಣ್ಣ ಕೇಳಿದ.

"ಹುಕ್ಕು ಹಾಕುವಾಗ ನನ್ನ ಬೆರಳಿಗೆ ದಿನಾ ಹತ್ತುತ್ತಿತ್ತು, ಎಣ್ಣೇಲಿ ಒರೆಸ್ಕೋತಿದ್ದೆ. ಗಂಡಸರೆಲ್ಲ ಬಾಗಿಲು ಮುಂದೆ ಮಾಡ್ಕೊಂಡು ಪಿಸಿಪಿಸಿ ಅಂತಿದ್ರಿ, ಏನೋ ಗಂಡಸರ ಕಾಯಿಲೆ ಅಂದ್ಕೊಂಡೆ. ನನ್ನನ್ಯಾರು ಕೇಳಿದ್ರಿ?"

ಇನ್‌ಸ್ಪೆಕ್ಟರರಿಗೆ ಒಂದು ಕಾಲಿನ ಮೇಲೆ ತೀರ್ಮಾನ ಬರೆಯುವ ಅಧಿಕಾರವಿರಲಿಲ್ಲ. ಹನ್ನೊಂದು ಜನರ ಇಪ್ಪತ್ತೆರಡು ಕಾಲುಗಳನ್ನೂ ತನ್ನ ಕಣ್ಣೆದುರು ಒರೆಸಿ ತೋರಿಸಬೇಕು, ಆಮೇಲೆ ಹಗ್ಗ ಬಿಚ್ಚುತ್ತೇನೆ ಎಂದರು. ಚಿಂದಿಗಳು ಕೈಯಿಂದ ಕೈಗೆ ಹೋದವು. ಮೊದಲ ಚಿಂದಿ ಗಡಿಯಾರದವನ ತೊಡೆಗೆ ತಾಗುವಷ್ಟರಲ್ಲಿ ಹಗ್ಗದ ಹತ್ತಿರ ನಿಂತಿದ್ದ ಮಗಳು ಓಡಿಬಂದು ಅವನ ಕೈ ಹಿಡಿದಳು.

"ಒರೆಸ್ಬೇಡಿ ಅಣ್ಣ, ಒಂದು ನಿಮಿಷ." ಬಗ್ಗಿ ನೋಡಿದಳು. "ಸಾರ್ಟೋರಿಯಸ್. ಅಪ್ಪಾ, ಇದನ್ನ ಮಂಡಿಗೇ ನಿಲ್ಲಿಸಿದ್ದೀಯಲ್ಲ. ಇದು ಮಂಡಿ ದಾಟಿ ಕೆಳಗಿನ ಮೂಳೆ ಒಳಮಗ್ಗುಲಿಗೆ ಅಂಟಬೇಕು."

ಮಂಡಿಯಲ್ಲಿ ಅಳತೆ ನಿಲ್ಲುವುದು ಪದ್ಧತಿ ಎಂದು ಟೇಪಣ್ಣ ಗೊಣಗಿದ. ಅವಳು ಪೆನ್ಸಿಲ್ ಕಸಿದುಕೊಂಡು ಗೆರೆಯನ್ನು ಮಂಡಿ ದಾಟಿಸಿ, ಸೇರಬೇಕಾದಲ್ಲಿ ಸೇರಿಸಿ, ಅದರ ಹುಟ್ಟು, ಕೊನೆ, ಕೆಲಸ ಮೂರನ್ನೂ ಒಂದೇ ಉಸಿರಿಗೆ ಹೇಳಿದಳು. ಹೇಳಿ ತಾನೇ ಬೆರಗಾದಳು. ತೊಡೆಯ ಹತ್ತಿರ ಬಂದರೆ ಸಿಕ್ಕಾಗುತ್ತಿದ್ದ ದಾರ ನೇರವಾಗಿ ಬಂದಿತ್ತು.

ಮೇಷ್ಟ್ರೊಳಗಿನ ಮೇಷ್ಟ್ರು ಆಗ ಎದ್ದುಬಂದರು. ಒರೆಸದೆ ಉಳಿದಿದ್ದ ತಮ್ಮ ಬಲಗಾಲನ್ನು ಮೆಟ್ಟಿಲ ಮೇಲಿಟ್ಟು, ಇದನ್ನು ಸರಿಯಾಗಿ ಹೇಳುವ ತನಕ ಎಣ್ಣೆ ಮುಟ್ಟಿಸಲು ಬಿಡುವುದಿಲ್ಲ ಎಂದು ಘೋಷಿಸಿದರು. ಅವಳು ಹೇಳಿದಳು. ಅದರ ಅಡಿಯಲ್ಲಿ ಏನಿದೆ ಎಂದು ಮೇಷ್ಟ್ರು ಕೇಳಿದರು. ಸೋಲಿಯಸ್ ಎಂದಳು. ಎರಡೂ ಸೇರಿ ಏನು ಮಾಡುತ್ತವೆ? ಹಿಮ್ಮಡಿ ಎತ್ತುತ್ತವೆ ಎಂದಳು. ಮೇಷ್ಟ್ರು ಚಡ್ಡಿ ಕೋಟಿನಲ್ಲೇ ಹಿಮ್ಮಡಿ ಎತ್ತಿ ನಿಂತು, ತಮ್ಮ ಮೀನಖಂಡ ಬಿಗಿಯುವುದನ್ನು ಬಗ್ಗಿ ನೋಡಿ, ಸರಿ ಎಂದರು. ಅಲ್ಲಿಂದ ಮುಂದೆ ಸಾಲು ತಾನಾಗಿ ಓಡಿತು. ಒಬ್ಬೊಬ್ಬರೂ ಕಾಲು ಮುಂದೆ ಚಾಚುವರು, ಅವಳು ಹೇಳುವಳು, ಟೇಪಣ್ಣನ ಹೆಂಡತಿ ಒರೆಸುವಳು, ಇನ್‌ಸ್ಪೆಕ್ಟರರು ಎಣಿಸುವರು. ಭಾವಮೈದುನನ ತೊಡೆಯ ಹಿಂಭಾಗಕ್ಕೆ ಬಂದಾಗ ಅವಳು ಒಂದು ಹೆಸರು ಮರೆತಳು. ಅವನು ಕತ್ತು ತಿರುಗಿಸಿ ತನ್ನ ಕಾಲನ್ನೇ ಓದಿ ಹೇಳಿಕೊಡಲು ನೋಡಿದ, ಮೇಷ್ಟ್ರು ಗದರಿದರು. ಸೀಟಿನ ಭಾಗದ ಸ್ನಾಯುಗಳನ್ನು ಬೀದಿಯಲ್ಲಿ ತೋರಿಸುವ ಹಾಗಿರಲಿಲ್ಲ, ಅವನ್ನು ಅವಳು ಆಕಾಶ ನೋಡುತ್ತ ಬಾಯಿಪಾಠ ಒಪ್ಪಿಸಿದಳು. ಕಂಡಕ್ಟರ್ ಎಲ್ಲರಿಗಿಂತ ಕೊನೆಯವನು. ತನ್ನ ಸರದಿ ಮುಗಿಯುತ್ತಲೇ ಅವನು ಎಣ್ಣೆಗಾಲಿನಲ್ಲಿ ಚಡ್ಡಿಯಲ್ಲೇ ಹಗ್ಗದಡಿ ನುಗ್ಗಿ ಓಡಿ, ಒಂಬತ್ತರ ಬಸ್ಸಿಗೆ ಕೈಯಡ್ಡ ಹಿಡಿದು ನಿಲ್ಲಿಸಿದ. ಅವನ ಡಿಪೋದ ಬಸ್ಸೇ ಆದ್ದರಿಂದ ಡ್ರೈವರ್ ಏನೂ ಕೇಳಲಿಲ್ಲ.

ಇಪ್ಪತ್ತೆರಡು, ಎಂದರು ಇನ್‌ಸ್ಪೆಕ್ಟರರು. ಮೂರೂ ಪ್ರತಿಗಳ ಮೇಲೆ ಅಡ್ಡಗೆರೆ ಎಳೆದು, ಹೋಗುವ ಮುನ್ನ ತಮ್ಮ ಸೊಂಟದ ಅಳತೆ ಹೇಳಿ, ಒಳಗೆ ಏನೂ ಬರೆಯಕೂಡದೆಂಬ ಷರತ್ತಿನ ಮೇಲೆ ಒಂದು ಪ್ಯಾಂಟಿಗೆ ಹೇಳಿಹೋದರು.

ಆ ಕಾಲೇಜಿನಲ್ಲಿ ಮೌಖಿಕ ಪರೀಕ್ಷೆಯ ಪಟ್ಟಿಯನ್ನು ಅದೇ ದಿನ ಮೂರು ಗಂಟೆಗೆ ಗೋಡೆಗೆ ಅಂಟಿಸುತ್ತಿದ್ದರು. ಮೂರೂವರೆಯಿಂದಲೇ ಟೇಪಣ್ಣನ ಅಂಗಡಿಯಲ್ಲಿ ಜನ ಸೇರತೊಡಗಿದರು. ಯಾರೂ ಅದಕ್ಕಾಗಿ ಬಂದಿರಲಿಲ್ಲ: ಒಬ್ಬರಿಗೆ ಗುಂಡಿ ಹಾಕಿಸಬೇಕಿತ್ತು, ಇನ್ನೊಬ್ಬರಿಗೆ ಮಳೆ ಬರುವುದೋ ಇಲ್ಲವೋ ಚರ್ಚಿಸಬೇಕಿತ್ತು. ಟೇಪಣ್ಣ ಮೆಷಿನ್ ತುಳಿಯುತ್ತಲೇ ಇದ್ದ. ಸೂಜಿಗೆ ದಾರ ಪೋಣಿಸಿಲ್ಲವೆಂದು ಹೆಂಡತಿ ಎರಡು ಸಲ ಹೇಳಿದಳು.

ಮಗಳು ನಾಲ್ಕೂ ಹತ್ತಕ್ಕೆ ಬಂದಳು. ಬಂದವಳು ಬಾಗಿಲಲ್ಲೇ ನಿಂತು ಪಾಸು ಎಂದಳು. ಟೇಪಣ್ಣನ ಪಾದ ಮೆಷಿನ್ನಿನ ಮೆಟ್ಟಿನ ಮೇಲೆ ನಿಂತುಬಿಟ್ಟಿತು. ಅವನು ಕೊರಳಿನ ಟೇಪು ತೆಗೆದು, ಮಡಚಿ ಮೇಜಿನ ಮೇಲಿಟ್ಟು, ಅದರ ತುದಿಯಿಂದಲೇ ಕಣ್ಣೊರೆಸಿಕೊಂಡ. ಅಂಗಡಿಯಲ್ಲಿದ್ದವರೆಲ್ಲ ಒಟ್ಟಿಗೆ ಉಸಿರು ಬಿಟ್ಟ ರಭಸಕ್ಕೆ ಕತ್ತರಿಸಿಟ್ಟ ತುಂಡುಗಳು ಅಲುಗಾಡಿದವು. ಆದರೂ ಯಾರೂ ಎದ್ದು ಹೋಗಲಿಲ್ಲ. ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕೊನೆಗೆ ಗಡಿಯಾರದವನೇ ಗಂಟಲು ಸರಿಮಾಡಿಕೊಂಡು, ಅಲ್ಲಮ್ಮ, ಅಲ್ಲಿ ಯಾವುದನ್ನು ಕೇಳಿದರು, ದರ್ಜಿ ಸ್ನಾಯುವನ್ನು ಕೇಳಿರಬೇಕಲ್ಲ ಎಂದ.

"ಇಲ್ಲ ಅಣ್ಣ," ಎಂದಳು ಮಗಳು. "ಮೇಷ್ಟ್ರ ಬಲಗಾಲು ಕೇಳಿದ್ರು. ಪೂರ್ತಿ ಅಂಕ ಕೊಟ್ರು."

ಗಡಿಯಾರದವನು ತನ್ನ ತೊಡೆ ನೋಡಿಕೊಂಡ. ಮೇಷ್ಟ್ರು ಎದ್ದು, ಎಲ್ಲರಿಗೂ ತಲೆಬಾಗಿ, ಮನೆಯ ಕಡೆ ಹೊರಟರು. ಬೀದಿ ದಾಟುವಾಗ ಎಡಗಾಲನ್ನು ಎಂದಿನಂತೆ ಊರುತ್ತಿದ್ದರು. ಬಲಗಾಲನ್ನು ಮಾತ್ರ, ತರಗತಿಗೆ ಮೊದಲ ಸ್ಥಾನ ಬಂದ ಹುಡುಗನನ್ನು ಕೈಹಿಡಿದು ಕರೆದೊಯ್ಯುವವರಂತೆ, ಜೋಪಾನವಾಗಿ ನೆಲಕ್ಕಿಡುತ್ತಿದ್ದರು.